ಅಧ್ಯಯನ ಪಾಠ: ‘ಫೆನ್ಸ್ ಆಫ್’ ಎಂದರೆ ಬೇಲಿಯಷ್ಟೇ ಅಲ್ಲ



ಇಂಗ್ಲಿಷ್ ಆದೇಶಗಳಲ್ಲಿ, ಅಂದಾಜುಪಟ್ಟಿಗಳಲ್ಲಿ ‘ಫೆನ್ಸ್ ಆಫ್’ ಎಂಬ ಪದಪುಂಜವು ಬರುವುದುಂಟು. ‘ಫೆನ್ಸ್’ ಎಂದರೆ ಬೇಲಿ ಹಾಕುವುದು. ‘ಆಫ್’ ಸೇರಿದೊಡನೆ ಬೇರ್ಪಡಿಸುವ ಅರ್ಥ ಕೂಡುತ್ತದೆ: ಜನ, ಜಾನುವಾರು ಪ್ರವೇಶಿಸದಂತೆ ಒಂದು ಜಾಗವನ್ನು ಬೇಲಿಯಿಂದ ಪ್ರತ್ಯೇಕಿಸುವುದು. ಗೋಡೆಯಿಂದ ಪ್ರತ್ಯೇಕಿಸಿದರೆ ‘ವಾಲ್ ಆಫ್’. ಹಗ್ಗ ಅಥವಾ ಕಾವಲಿನಿಂದ ತಾತ್ಕಾಲಿಕವಾಗಿ ತಡೆದರೆ ‘ಕಾರ್ಡನ್ ಆಫ್’.

ನನ್ನ ಸೇವೆಯ ಮೊದಲ ವರ್ಷ, ಕೊಳವೆಬಾವಿ ಕೊರೆಯುತ್ತಿದ್ದ ಸ್ಥಳವೊಂದರಲ್ಲಿ ಮೂರು ಬದಿಗೆ ಮಾತ್ರ ತಂತಿ ಎಳೆಯಲಾಗಿತ್ತು. ಕಡತದಲ್ಲಿ ‘ಬೇಲಿ ಹಾಕಲಾಗಿದೆ’ ಎಂದು ನಾನೇ ಬರೆದೆನು. ಮರುದಿನ ನಾಲ್ಕನೆಯ ಬದಿಯಿಂದ ಒಳಬಂದ ಮಕ್ಕಳು ಕೆಸರುಗುಂಡಿಯ ಅಂಚಿನಲ್ಲಿ ಆಡುತ್ತಿದ್ದರು. ಅನಾಹುತವಾಗಲಿಲ್ಲ. ಆದರೆ ಅಲ್ಲಿ ಬೇಲಿಯಿತ್ತು, ಬೇರ್ಪಡಿಕೆ ಇರಲಿಲ್ಲ.

ಈ ಕುರಿತು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ಮಾರ್ಗಸೂಚಿಯ ಮುಖ್ಯಾಂಶಗಳು:

1. ಕೊರೆಯುವ ಅವಧಿಯಲ್ಲಿ ಬಾವಿಯ ಸುತ್ತಲೂ ಮುಳ್ಳುತಂತಿ ಬೇಲಿ ಅಥವಾ ಸೂಕ್ತ ತಡೆ ನಿರ್ಮಿಸುವುದು.
2. ಕೇಸಿಂಗ್ ಪೈಪಿನ ಸುತ್ತ 0.50 × 0.50 × 0.60 ಮೀಟರ್ ಅಳತೆಯ ಕಾಂಕ್ರೀಟ್ ಕಟ್ಟೆ. ನೆಲದ ಮೇಲೆ 0.30, ಕೆಳಗೆ 0.30 ಮೀಟರ್.
3. ಪೈಪಿನ ಬಾಯಿಗೆ ಉಕ್ಕಿನ ತಟ್ಟೆಯ ಬೆಸುಗೆ, ಇಲ್ಲವೇ ಬೋಲ್ಟ್–ನಟ್ಟು ಬಿಗಿದ ಭದ್ರ ಮುಚ್ಚಳ.
4. ಕಾಮಗಾರಿ ಮುಗಿದೊಡನೆ ಕೆಸರುಗುಂಡಿಗಳನ್ನು ಮುಚ್ಚುವುದು.
5. ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬುವುದು.

ಆದ್ದರಿಂದ ಸ್ಥಳ ಪರಿಶೀಲನೆಯ ವೇಳೆ ಬೇಲಿಯ ಉದ್ದ ಅಳೆಯುವ ಮುನ್ನ ಅದರ ಸುತ್ತ ಒಮ್ಮೆ ಪೂರ್ತಿಯಾಗಿ ನಡೆದು ನೋಡಲು ಕೋರಿದೆ. ಚಿಕ್ಕ ಮಗುವೊಂದು ನುಸುಳಬಹುದಾದ ಸಂದು ಕಂಡುಬಂದಲ್ಲಿ, ಕಾಮಗಾರಿ ಅಪೂರ್ಣವೆಂದೇ ದಾಖಲಿಸತಕ್ಕದ್ದು.