ಎಲ್ಲವೂ ನಮ್ಮಿಂದಲೇ ಹೋಗುವಾಗ ನೇಪಾಳಕ್ಕೆ ನಮ್ಮ ಮೇಲೇಕೆ ಸಿಟ್ಟು?

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಮಗನ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರೂ ಎದುರಿನ ಮೊಮೊ ಅಂಗಡಿಯವರೂ ನೇಪಾಳದವರು. ಪಾಸ್‌ಪೋರ್ಟ್ ಇಲ್ಲದೆ ಬಂದು ದುಡಿಯುತ್ತಾರೆ. ಅವರ ದೇಶಕ್ಕೆ ಪೆಟ್ರೋಲು, ಗ್ಯಾಸು ಎಲ್ಲ ನಮ್ಮಿಂದಲೇ ಹೋಗುತ್ತದಂತೆ. ಹಾಗಿದ್ದೂ ಅಲ್ಲಿ ಭಾರತವನ್ನು ಬೈದವರೇ ಚುನಾವಣೆ ಗೆಲ್ಲುತ್ತಾರಂತೆ. ಇಷ್ಟು ಕೊಡುಕೊಳ್ಳುವಿಕೆ ಇದ್ದ ಮೇಲೂ ಜಗಳ ಯಾಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೊಡುಕೊಳ್ಳುವಿಕೆ ಇದೆ, ನಿಜ. ಆದರೆ ಅದರ ಭಾರ ಎರಡೂ ಕಡೆ ಒಂದೇ ಸಮ ಇಲ್ಲ. ಜಗಳ ಹುಟ್ಟುವುದು ಅಲ್ಲೇ. ನೇಪಾಳದ ಒಟ್ಟು ವಿದೇಶಿ ವ್ಯಾಪಾರದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಭಾರತದ ಜೊತೆಗೆ. ನಮ್ಮ ವ್ಯಾಪಾರದಲ್ಲಿ ನೇಪಾಳದ ಪಾಲು ನೂರಕ್ಕೆ ಒಂದೂ ಇಲ್ಲ. ದಾರಿಯಿಲ್ಲದ ಹೊಲದ ವ್ಯಾಜ್ಯಗಳನ್ನು ನಿಮ್ಮ ಕಡೆಯೂ ಕಂಡಿರುತ್ತೀರಿ. ಪಕ್ಕದವನ ಜಮೀನಿನ ಮೇಲೆಯೇ ಗಾಡಿ ಹೊಡೆಯಬೇಕಾದವನಿಗೆ, ಒಂದು ಸುಗ್ಗಿಯಲ್ಲಿ ಅಡ್ಡ ಬಿದ್ದ ಮುಳ್ಳುಬೇಲಿ ಸಾಯುವ ತನಕ ನೆನಪಿರುತ್ತದೆ. ಹಾಕಿದವನು ಮರುವರ್ಷಕ್ಕೇ ಮರೆತಿರುತ್ತಾನೆ.

ನೇಪಾಳಿಗಳು ಮರೆಯದ ಬೇಲಿಗಳು ಮುಖ್ಯವಾಗಿ ಎರಡು. ಮೊದಲನೆಯದು 1989ರ ಮಾರ್ಚಿನದು. ಚೀನಾದಿಂದ ಶಸ್ತ್ರಾಸ್ತ್ರ ಕೊಂಡಿದ್ದಕ್ಕೆ ದೆಹಲಿ ಮುನಿಸಿಕೊಂಡಿತ್ತು. ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದದ್ದೇ ತಡ, ಗಡಿಯ ದಾರಿಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಮುಚ್ಚಿದವು. ಅದು ಬಗೆಹರಿದದ್ದು ಮರುವರ್ಷ.

ಎರಡನೆಯದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಕೆಲವೇ ಗಂಟೆಗಳಲ್ಲಿ ಕಠ್ಮಂಡುವಿನಲ್ಲಿ ಭಾರತದ ವಿಮಾನಗಳು ಇಳಿದಿದ್ದವು. ಆ ಕೃತಜ್ಞತೆ ಐದು ತಿಂಗಳೂ ಉಳಿಯಲಿಲ್ಲ. ಸೆಪ್ಟೆಂಬರ್ 20ರಂದು ನೇಪಾಳ ಹೊಸ ಸಂವಿಧಾನ ಜಾರಿಗೆ ತಂದಿತು. ಪ್ರಾಂತ್ಯಗಳ ಗಡಿ ಎಳೆದ ರೀತಿಯಲ್ಲಿ ತಮಗೆ ಅನ್ಯಾಯವಾಗಿದೆ ಎಂದು ಭಾರತದ ಗಡಿಗೆ ಅಂಟಿದ ತರಾಯಿ ಬಯಲಿನ ಮಧೇಸಿಗಳು ರೊಚ್ಚಿಗೆದ್ದರು. ಅವರ ಮಾತಿಗೆ ಕಿವಿಗೊಡಿ ಎಂದು ದೆಹಲಿ ಹೇಳಿದ್ದನ್ನು ಕಠ್ಮಂಡು ಕೇಳಿರಲಿಲ್ಲ. ರಕ್ಸೌಲ್–ಬೀರ್‌ಗಂಜ್ ನಡುವಿನ ಸೇತುವೆಯ ಮೇಲೆ ಪ್ರತಿಭಟನಾಕಾರರು ಕೂತರು, ಲಾರಿಗಳು ಭಾರತದ ಕಡೆ ಸಾಲುಗಟ್ಟಿದವು. ‘ಗಲಾಟೆ ನಿಮ್ಮ ನೆಲದಲ್ಲಿ, ಚಾಲಕರು ಹೆದರಿದ್ದಾರೆ’ ಎಂದಿತು ಭಾರತ. ‘ಗಲಾಟೆ ಇಲ್ಲದ ದಾರಿಗಳಲ್ಲೂ ಟ್ಯಾಂಕರ್ ಯಾಕೆ ಬರುತ್ತಿಲ್ಲ?’ ಎಂದಿತು ನೇಪಾಳ. ಅವರು ಇದನ್ನು ಇವತ್ತಿಗೂ ನಾಕಾಬಂದಿ ಎಂದೇ ಕರೆಯುತ್ತಾರೆ. ಮಧೇಸಿಗಳ ನೋವು ದೆಹಲಿ ಹುಟ್ಟುಹಾಕಿದ್ದಲ್ಲ. ಆದರೆ ದೆಹಲಿಯ ಮುನಿಸಿಗೂ ಬಾರದ ಟ್ಯಾಂಕರ್‌ಗಳಿಗೂ ಸಂಬಂಧವೇ ಇಲ್ಲ ಎಂಬುದನ್ನು ನಾನಂತೂ ನಂಬಲಾರೆ.

ನೇಪಾಳಕ್ಕೆ ತೈಲ ಕೊಡುವುದು ಇಂಡಿಯನ್ ಆಯಿಲ್ ಒಂದೇ. ಆ ಪೂರೈಕೆ ತಗ್ಗಿದಾಗ, ನಮ್ಮ ಮನೆಗಳಲ್ಲಿರುವಂಥ 14.2 ಕಿಲೋ ಸಿಲಿಂಡರಿಗೆ 7.1 ಕಿಲೋ ತುಂಬಿಸಿ, ‘ಅರ್ಧ ಸಿಲಿಂಡರ್’ ಎಂದು ಅಲ್ಲಿ ಹಂಚಿದರು. ಅದಕ್ಕೂ ಸರತಿ. ತಾರಸಿಗಳ ಮೇಲೆ ಸೌದೆ ಒಲೆ ಹೊತ್ತಿದವು. ಇಂಡಕ್ಷನ್ ಒಲೆ ಕೊಳ್ಳಲು ಜನ ಮುಗಿಬಿದ್ದರು. ಆದರೆ ಆ ಚಳಿಗಾಲದಲ್ಲಿ ಕರೆಂಟೇ ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಹೋಗಿರುತ್ತಿತ್ತು. ಭೂಕಂಪದಲ್ಲಿ ಮನೆ ಕಳೆದುಕೊಂಡವರು ತಗಡಿನ ಶೆಡ್ಡುಗಳಲ್ಲಿದ್ದರು. ಆಸ್ಪತ್ರೆಗಳಲ್ಲಿ ಔಷಧಿಗೂ ತತ್ವಾರ. ಗಡಿ ಸರಾಗವಾದದ್ದು 2016ರ ಫೆಬ್ರವರಿಯಲ್ಲಿ.

ನೀವು ಕೇಳಿದ ಚುನಾವಣೆಯ ಸಂಗತಿ ಇಲ್ಲಿಂದ ಶುರು. ಒಂದು ಕಾಲಕ್ಕೆ ಭಾರತದ ಆಪ್ತರೆಂದೇ ಹೆಸರಾಗಿದ್ದ ಕೆ.ಪಿ. ಶರ್ಮಾ ಓಲಿ ಆ ನಾಕಾಬಂದಿಯ ನಡುವೆಯೇ ಪ್ರಧಾನಿಯಾದರು. 2016ರ ಮಾರ್ಚಿನಲ್ಲಿ ಬೀಜಿಂಗಿಗೆ ಹೋಗಿ ಚೀನಾದ ಬಂದರುಗಳನ್ನು ಬಳಸುವ ಒಪ್ಪಂದ ಮಾಡಿಕೊಂಡು ಬಂದರು. 2017ರ ಚುನಾವಣೆಯಲ್ಲಿ ಅವರ ಎಡ ಮೈತ್ರಿಕೂಟ ಮೂರರಲ್ಲಿ ಎರಡು ಸ್ಥಾನಗಳ ಹತ್ತಿರ ಹೋಯಿತು. ಹಾಗಂತ ಬೈಗುಳವೇ ಸದಾ ಗೆಲ್ಲಿಸುತ್ತದೆ ಎಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಬೀದಿಗಿಳಿದ ಹುಡುಗರು ಅದೇ ಓಲಿಯವರನ್ನು ಇಳಿಸಿದರು. ಅವರ ಸಿಟ್ಟು ಭ್ರಷ್ಟಾಚಾರದ ಮೇಲೆ, ಸೋಷಿಯಲ್ ಮೀಡಿಯಾ ನಿಷೇಧದ ಮೇಲೆ ಇತ್ತು. ಭಾರತದ ಸುದ್ದಿ ಅಲ್ಲಿರಲಿಲ್ಲ.

ಚೀನಾದ ದಾರಿ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಟಿಯಾಂಜಿನ್ ಬಂದರು ನೇಪಾಳದ ಗಡಿಯಿಂದ 3,000 ಕಿಲೋಮೀಟರ್‌ಗೂ ದೂರ, ನಡುವೆ ಟಿಬೆಟ್. ಭೂಕಂಪದಲ್ಲಿ ಮುಚ್ಚಿದ ಚೀನಾ ಗಡಿಯ ತಾತೋಪಾನಿ ದಾರಿ ತೆರೆಯಲು ನಾಲ್ಕು ವರ್ಷ ಬೇಕಾಯಿತು. ಅದೇ ಗಡಿಯ ಇನ್ನೊಂದು ದಾರಿಯಾದ ರಸುವಾಗಢಿಯ ಸೇತುವೆಯನ್ನು 2025ರ ಜುಲೈನಲ್ಲಿ ಹೊಳೆಯೇ ಕೊಚ್ಚಿಕೊಂಡು ಹೋಯಿತು. ಇತ್ತ ಭಾರತದ ಕಡೆ, ಅಷ್ಟೆಲ್ಲ ಮುನಿಸಿನ ನಂತರ 2019ರಲ್ಲಿ ನಡೆದದ್ದೇನು ಗೊತ್ತೇ? ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಉದ್ದದ ತೈಲ ಪೈಪ್‌ಲೈನ್ ಉದ್ಘಾಟನೆ. ಜಗಳವಾಡಿದರು, ನಂಟನ್ನೂ ಬಿಗಿ ಮಾಡಿಕೊಂಡರು. ನಿಜವಾಗಿ ಬದಲಾದದ್ದು ಬೇರೆ ಕಡೆ. ಹೊಳೆಗಳಿಂದ ಸ್ವಂತ ವಿದ್ಯುತ್ ಬಂದ ಮೇಲೆ, ತೆರಿಗೆಯೂ ಕಡಿಮೆಯಿದ್ದುದರಿಂದ, ಈಗ ಅಲ್ಲಿಗೆ ಆಮದಾಗುವ ಹೊಸ ಕಾರುಗಳಲ್ಲಿ ಬಹುಪಾಲು ವಿದ್ಯುತ್ ಕಾರುಗಳು, ಹೆಚ್ಚಿನವು ಚೀನಾದವು. ಹೆಚ್ಚಾದ ವಿದ್ಯುತ್ತನ್ನು ನಮಗೇ ಮಾರುತ್ತಾರೆ. ಅಲ್ಲೂ ಒಂದು ತಕರಾರಿದೆ: ಚೀನೀ ಬಂಡವಾಳವೋ ಗುತ್ತಿಗೆದಾರರೋ ಇರುವ ಯೋಜನೆಗಳ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ.

ಇನ್ನು ‘ಎಲ್ಲ ನಮ್ಮಿಂದಲೇ’ ಎಂಬ ಮಾತು. ಬಿಹಾರವನ್ನು ಪ್ರವಾಹದಿಂದ ಕಾಯಬೇಕಾದ ಕೋಸಿ ಬ್ಯಾರೇಜು ನಿಂತಿರುವುದು ನೇಪಾಳದ ನೆಲದಲ್ಲಿ, 1954ರ ಒಪ್ಪಂದದಂತೆ. ಅದರ 56 ಗೇಟುಗಳನ್ನು ಎತ್ತಿ ಇಳಿಸುವವರು ಬಿಹಾರದ ಎಂಜಿನಿಯರುಗಳು. 2008ರ ಆಗಸ್ಟ್‌ನಲ್ಲಿ ಒಡ್ಡು ಒಡೆದದ್ದು ನೇಪಾಳದ ಕುಸಹಾದಲ್ಲಿ. ಬಿಹಾರದಲ್ಲಿ ಲಕ್ಷಾಂತರ ಜನ ಮನೆ ಬಿಟ್ಟರು. ಸೈನಿಕರೂ ಅಲ್ಲಿಂದ ಬರುತ್ತಿದ್ದರು: ನಮ್ಮ ಸೈನ್ಯದ ಗೋರ್ಖಾ ರೆಜಿಮೆಂಟುಗಳಿಗೆ ನೇಪಾಳದ ಹುಡುಗರ ಭರ್ತಿ, ಸೇನಾ ನೇಮಕಾತಿಯ ಅಗ್ನಿಪಥ ಯೋಜನೆ ಬಂದ 2022ರ ನಂತರ ನಡೆದಿಲ್ಲ. ನಮ್ಮ ಸೇನಾ ಮುಖ್ಯಸ್ಥರಿಗೆ ನೇಪಾಳ ಸೇನೆಯ ಗೌರವ ಜನರಲ್ ಪದವಿ, ಅವರ ಮುಖ್ಯಸ್ಥರಿಗೆ ನಮ್ಮದು, ಎಂಬ ರೂಢಿ ಮಾತ್ರ ನಡೆದೇ ಇದೆ. 1950ರಲ್ಲಿ ಅದನ್ನು ಮೊದಲು ಪಡೆದವರು ನಮ್ಮ ಕೊಡಗಿನ ಕಾರ್ಯಪ್ಪನವರು.

ಇನ್ನೊಂದು ಜಗಳ ನಕ್ಷೆಯದು. ಎರಡೂ ದೇಶಗಳು ತಮ್ಮದೆನ್ನುವ ಲಿಪುಲೇಖ್‌ಗೆ ಭಾರತ ರಸ್ತೆ ಮಾಡಿತೆಂದು 2020ರಲ್ಲಿ ನೇಪಾಳ ಆ ಜಾಗವನ್ನೂ ಕಾಲಾಪಾನಿಯನ್ನೂ ಸೇರಿಸಿ ಹೊಸ ನಕ್ಷೆ ಹೊರಡಿಸಿತು, ಸಂವಿಧಾನವನ್ನೇ ತಿದ್ದಿತು. ಈ ಸಲ ಗಡಿಯಲ್ಲಿ ಸರಕು ಸಾಗಣೆ ನಿಲ್ಲಲಿಲ್ಲ. 2015ರಲ್ಲಿ ಕಳೆದುಕೊಂಡದ್ದರ ಲೆಕ್ಕ ದೆಹಲಿಯೂ ಇಟ್ಟಿರಬೇಕು. 2024ರಲ್ಲಿ ಆ ನಕ್ಷೆಯನ್ನು ನೂರರ ನೋಟಿನ ಮೇಲೆ ಹಾಕಲು ಕಠ್ಮಂಡು ತೀರ್ಮಾನಿಸಿತು, ಅಚ್ಚಿನ ಗುತ್ತಿಗೆ ಚೀನಾದ ಕಂಪನಿಗೆ ಹೋಯಿತು. ಆ ನೋಟಿನ ಬೆಲೆ ಮಾತ್ರ 1993ರಿಂದಲೂ ನಮ್ಮ ರೂಪಾಯಿಗೇ ಕಟ್ಟಿದೆ: 62 ರೂಪಾಯಿ 50 ಪೈಸೆ.