ಬಿಲ್ಲು ಕೇಳಿ, ಬಿಲ್ಲು ಓದಿ

ಹೊಸ ಪದಗಳು: ತೆರಿಗೆ, ಸರಕು, ಅಸಲು, ನೋಂದಣಿ

ಅಂಗಡಿಯಲ್ಲಿ ಸರಕು ಕೊಳ್ಳುತ್ತೇವೆ. ಹಲವು ಸರಕುಗಳ ಮೇಲೆ ತೆರಿಗೆಯನ್ನೂ ಕೊಡುತ್ತೇವೆ. ಹಿಂದೆ ಇದಕ್ಕೆ ಮಾರಾಟ ತೆರಿಗೆ ಎನ್ನುತ್ತಿದ್ದರು. 2005ರಲ್ಲಿ ನಮ್ಮ ರಾಜ್ಯದಲ್ಲಿ ವ್ಯಾಟ್ ಬಂತು. 2017ರ ಜುಲೈ 1ರಿಂದ ದೇಶಕ್ಕೆಲ್ಲ ಜಿ.ಎಸ್.ಟಿ. ಬಂದಿದೆ. ಸರಕು ಮತ್ತು ಸೇವಾ ತೆರಿಗೆ ಎಂದು ಇದರ ಪೂರ್ತಿ ಹೆಸರು.

ಒಬ್ಬ ಅಕ್ಕ ಲಂಗ ಹೊಲಿದು ಮಾರುತ್ತಾರೆ. 20 ಲಂಗಕ್ಕೆ ಬಟ್ಟೆ ತರಲು ಪೇಟೆಗೆ ಹೋದರು.

ಅಂಗಡಿಯವರು: ತೆರಿಗೆ ಸೇರಿ 2,100 ಆಯ್ತಮ್ಮ.
ಅಕ್ಕ: ಬಿಲ್ಲು ಕೊಡಿ ಅಣ್ಣ.
ಅಂಗಡಿಯವರು: ಬಿಲ್ಲು ಯಾಕಮ್ಮ?
ಅಕ್ಕ: ತೆರಿಗೆ ತಗೊಂಡಿದ್ದೀರಲ್ಲ, ಬಿಲ್ಲಲ್ಲಿ ಬರೀಬೇಕು ಅಲ್ವಾ?

ಅಂಗಡಿಯವರು ಬಿಲ್ಲು ಕೊಟ್ಟರು. ಅಕ್ಕ ಓದಿದರು.

ಬಟ್ಟೆ 40 ಮೀಟರ್, ಮೀಟರಿಗೆ 50 ರೂ. – 2,000 ರೂ.
ಕೇಂದ್ರದ ಜಿ.ಎಸ್.ಟಿ. ನೂರಕ್ಕೆ ಎರಡೂವರೆ – 50 ರೂ.
ರಾಜ್ಯದ ಜಿ.ಎಸ್.ಟಿ. ನೂರಕ್ಕೆ ಎರಡೂವರೆ – 50 ರೂ.
ಒಟ್ಟು – 2,100 ರೂ.

ಬಿಲ್ಲಿನ ಮೇಲೆ ಅಂಗಡಿಯ ಜಿ.ಎಸ್.ಟಿ. ನಂಬರೂ ಇತ್ತು. ಆ ನಂಬರಿನಲ್ಲಿ 15 ಅಕ್ಷರ, ಅಂಕಿಗಳು ಇರುತ್ತವೆ. ಕರ್ನಾಟಕದ ಅಂಗಡಿಯದಾದರೆ 29 ಎಂದು ಶುರುವಾಗುತ್ತದೆ. ನಂಬರು ಇಲ್ಲದವರು ತೆರಿಗೆ ಎಂದು ಹಣ ಕೇಳುವಂತಿಲ್ಲ. ಬಿಲ್ಲೇ ಇಲ್ಲದಿದ್ದರೆ, ನಾವು ಕೊಟ್ಟ ತೆರಿಗೆ ಸರ್ಕಾರಕ್ಕೆ ಹೋಯಿತೋ, ಗಲ್ಲಾಪೆಟ್ಟಿಗೆಯಲ್ಲೇ ಉಳಿಯಿತೋ ಹೇಗೆ ತಿಳಿಯುತ್ತೆ?

ಇನ್ನು ಲೆಕ್ಕ ನೋಡಿ. ನೋಂದಣಿ ಮಾಡಿಸಿದ ವ್ಯಾಪಾರಿಗಳು, ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಸಾಮಾನ್ಯವಾಗಿ ಮುರಿದುಕೊಳ್ಳುತ್ತಾರೆ. ಅಕ್ಕನದು ಚಿಕ್ಕ ವ್ಯಾಪಾರ. ನೋಂದಣಿ ಇಲ್ಲ. ಆ 100 ರೂಪಾಯಿ ವಾಪಸ್ ಬರುವುದಿಲ್ಲ. ಆದ್ದರಿಂದ ಅದನ್ನು ಅಸಲಿಗೆ ಸೇರಿಸಬೇಕು. ಒಂದು ಲಂಗದ ಬಟ್ಟೆಗೆ 100 ರೂಪಾಯಿ ಅಲ್ಲ, 105 ರೂಪಾಯಿ. ಈ 5 ರೂಪಾಯಿ ಮರೆತರೆ ಅಷ್ಟು ಹೊಲಿಗೆ ಕೂಲಿ ಹೋದ ಹಾಗೆ. ದಾರ, ಲಾಡಿ, ಬಸ್ಸಿನ ಖರ್ಚನ್ನೂ ಹೀಗೇ ಸೇರಿಸಿ. ಆಮೇಲೆ ಬೆಲೆ ಕಟ್ಟಿ.

ನೆನಪಿಡಿ:
1. ಪೊಟ್ಟಣದ ಮೇಲಿನ ಎಂ.ಆರ್.ಪಿ.ಯಲ್ಲಿ ತೆರಿಗೆ ಸೇರಿದೆ. ಅದರ ಮೇಲೆ ಮತ್ತೆ ತೆರಿಗೆ ಕೊಡಬೇಡಿ.
2. ಬಿಲ್ಲಿನ ಮೇಲೆ ಕಾಂಪೊಸಿಷನ್ ಎಂದು ಇದ್ದರೆ ಅವರೂ ಬೇರೆ ತೆರಿಗೆ ಕೇಳುವಂತಿಲ್ಲ.
3. ನಮಗೆ ನೋಂದಣಿ ಇಲ್ಲದಿದ್ದರೆ ನಾವೂ ಗಿರಾಕಿಯಿಂದ ತೆರಿಗೆ ಎಂದು ಹಣ ತಗೋಬಾರದು.
4. ಕರ್ನಾಟಕದ ಒಳಗೆ ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು. ಇದು ಲಾಭದ ಲೆಕ್ಕ ಅಲ್ಲ, ಮಾರಾಟದ ಲೆಕ್ಕ. ಕೂಲಿಗೆ ಹೊಲಿಯುವಂಥ ಸೇವೆಗೆ ಈ ಮಿತಿ 20 ಲಕ್ಷ.

ಬಿಲ್ಲುಗಳನ್ನು ಒಂದು ದಾರಕ್ಕೆ ಪೋಣಿಸಿ ಇಡಿ. ತಿಂಗಳ ಕೊನೆಗೆ ಕೂಡಿ ನೋಡಿ.

ಅಭ್ಯಾಸ:
1. ನಿಮ್ಮ ಮನೆಯಲ್ಲಿರುವ ಒಂದು ಬಿಲ್ಲು ತನ್ನಿ. ಅದರಲ್ಲಿ ತೆರಿಗೆ ಎಷ್ಟು? ಓದಿ ಹೇಳಿ.
2. 1,000 ರೂಪಾಯಿ ಬಟ್ಟೆಗೆ ನೂರಕ್ಕೆ 5ರಂತೆ ತೆರಿಗೆ ಎಷ್ಟು? ಬರೆಯಿರಿ.
3. ಬಿಟ್ಟ ಪದ ತುಂಬಿ: ವಾಪಸ್ ಬಾರದ ತೆರಿಗೆಯನ್ನು ________ಗೆ ಸೇರಿಸಬೇಕು.