ಹಾನಗಲ್ಲ ಸೀಮೆಯ ಒಕ್ಕಲುಮನೆ

ಕನ್ನಡದಲ್ಲಿ ‘ಒಕ್ಕಲು’ ಎಂಬ ಶಬ್ದಕ್ಕೆ ವಾಸ, ಸಂಸಾರ, ಬೇಸಾಯಗಾರ ಎಂಬ ಅರ್ಥಗಳೆಲ್ಲವೂ ಸಲ್ಲುತ್ತವೆ. ಹೊಸ ಮನೆಯನ್ನು ಪ್ರವೇಶಿಸುವುದು ಒಕ್ಕಲಾಗುವುದು. ಭೂಮಿಯನ್ನು ಉತ್ತು ಬಾಳುವುದು ಒಕ್ಕಲುತನ. ಮನೆಯನ್ನೂ ಹೊಲವನ್ನೂ ಒಂದೇ ಮಾತಿನಲ್ಲಿ ಹಿಡಿದಿರಿಸಿದ ಈ ಭಾಷೆಯು, ಹಳೆಯ ಒಕ್ಕಲುಮನೆಯನ್ನು ಹೇಗೆ ನೋಡಬೇಕೆಂಬುದನ್ನು ತಾನೇ ತಿಳಿಸಿದೆ. ಗೋಡೆ ಕಂಬಗಳಷ್ಟೇ ಮನೆಯಲ್ಲ; ಕಣ, ಬಾವಿ, ತಿಪ್ಪೆ, ಬಣವೆ, ಕೆರೆ, ಹೊಲದ ಹಾದಿ ಇವೆಲ್ಲವೂ ಸೇರಿ ಅದು ಮನೆ.

ಶಾಸನಗಳ ರೀತಿಯೂ ಇದೇ ಆಗಿದೆ. ಕದಂಬರ ಶಾಖೆಯೊಂದು ಆಳಿದ ಹಾನಗಲ್ಲ ಪ್ರದೇಶವು ‘ಪಾನುಂಗಲ್ಲು ಐನೂರು’ ಎಂದು ಪ್ರಸಿದ್ಧವಾಗಿತ್ತು. ಕನ್ನಡ ನಾಡಿನ ದಾನಶಾಸನಗಳಲ್ಲಿ ಗದ್ದೆ, ಬೆದ್ದಲೆ, ತೋಟ, ಮನೆನಿವೇಶನಗಳು ಜೊತೆಜೊತೆಯಾಗಿಯೇ ಉಕ್ತವಾಗುತ್ತವೆ. ಕೆರೆ, ಮರ, ಕಲ್ಲುಗಳು ಎಲ್ಲೆಯಾಗಿ ನಿಲ್ಲುತ್ತವೆ. ನೆಲವನ್ನು ಬಿಟ್ಟು ಮನೆಯನ್ನು ಎಣಿಸುವ ಪದ್ಧತಿ ಹಿಂದಿನವರದಲ್ಲ.

ಈ ಸೀಮೆಯ ಮನೆಗಳು ಒಂದೇ ಮಾದರಿಯವಲ್ಲವೆಂಬುದು ಗಮನಾರ್ಹ. ಹಾನಗಲ್ಲು ಮಲೆನಾಡಿನ ಸೆರಗು. ವರದಾ, ಧರ್ಮಾ ನದಿಗಳ ಮತ್ತು ಅನೇಕ ಕೆರೆಗಳ ಬತ್ತದ ನಾಡು. ಮಳೆ ಹೆಚ್ಚಾದುದರಿಂದ ಇಲ್ಲಿ ಇಳಿಜಾರಿನ ಹೆಂಚಿನ ಮಾಡು ಸಹಜವಾಯಿತು. ಪೂರ್ವಕ್ಕೆ ಸವಣೂರಿನತ್ತ ಸಾಗಿದಂತೆ ಮಳೆ ಇಳಿದು, ಎರೆಭೂಮಿ, ಜೋಳ, ಹತ್ತಿ ಕಾಣಿಸಿಕೊಳ್ಳುತ್ತವೆ. ಅಂಥ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆಯೇ ಸಾಕು. ಮನೆಯ ಮಾಡನ್ನು ನೋಡಿ ಊರಿನ ಮಳೆಯನ್ನು ಊಹಿಸಬಹುದು.

ಮನೆಯ ಒಳವಿನ್ಯಾಸವೂ ಬೇಸಾಯಕ್ಕೆ ಅನುಗುಣವಾದುದೇ. ಬಾಗಿಲೊಳಗೆ ಕಾಲಿಟ್ಟೊಡನೆ ತಗ್ಗಿನಲ್ಲಿ ಎತ್ತುಗಳ ಕೊಟ್ಟಿಗೆ, ಗೋದಲಿ. ಅದಕ್ಕೆ ಮೇಲಾಗಿ ಪಡಸಾಲೆ. ಅದರಾಚೆ ನಡುಮನೆ, ಅಡಿಗೆಮನೆ, ದೇವರ ಜಗಲಿ. ದನಕರುಗಳು ಮನೆಮಂದಿಯ ಕಣ್ಣಳತೆಯಲ್ಲಿಯೇ ಇರುತ್ತಿದ್ದವು. ದಪ್ಪನಾದ ಮಣ್ಣಿನ ಗೋಡೆಯು ಹಗಲಿನ ಬಿಸಿಲನ್ನು ಬೇಗನೆ ಒಳಗೆ ಬಿಡದು. ಬತ್ತಕ್ಕೆ ಕಣಜ, ಜೋಳಕ್ಕೆ ನೆಲದೊಳಗಿನ ಹಗೇವು. ಹಗೇವಿನ ಒಳಮೈಗೆ ಹುಲ್ಲನ್ನು ಹೊದಿಸಿ, ಕಾಳು ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿದರೆ ಒಳಗೆ ಪ್ರಾಣವಾಯು ತೀರಿ ಹುಳುಗಳು ಬದುಕಲಾರವು. ಅದೇ ಕಾರಣದಿಂದ, ತೆರೆದ ಹಗೇವಿಗೆ ಗಾಳಿಯಾಡುವ ಮುನ್ನ ಯಾರೂ ಇಳಿಯಬಾರದೆಂಬ ಕಟ್ಟಳೆ. ಕಣದಿಂದ ಬಂದ ಹುಲ್ಲು ಗೋದಲಿಗೆ, ಸೆಗಣಿ ತಿಪ್ಪೆಗೆ, ಗೊಬ್ಬರ ಮರಳಿ ಹೊಲಕ್ಕೆ. ಈ ಸುತ್ತಿನಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ಅರ್ಥಹೀನವಾಗುತ್ತವೆ.

ಕಳಚುತ್ತಿರುವುದೂ ಹೀಗೆಯೇ. ಟ್ರ್ಯಾಕ್ಟರು ಬಂದು ಎತ್ತು ಹೋಯಿತು. ಒಕ್ಕುವ ಯಂತ್ರ ಬಂದು ಕಣ, ಮೇಟಿಗಳು ಹೋದವು. ಪಾಲಾದ ಅಣ್ಣತಮ್ಮಂದಿರ ನಡುವೆ ಪಡಸಾಲೆಯಲ್ಲಿ ಗೋಡೆ ಎದ್ದಿತು. ಕೆಲಸವಿಲ್ಲದ ಮನೆಗೆ ದುರಸ್ತಿಯೂ ಇಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯವು ಸಂರಕ್ಷಿತ ಸ್ಮಾರಕ; ಅದರ ಕಮಲವಿತಾನವನ್ನು ಕಾಯುವ ಕಾನೂನುಂಟು. ಸಾಮಾನ್ಯ ಒಕ್ಕಲುಮನೆಗೆ ಅಂಥ ಕಾವಲಿಲ್ಲ. ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಮೂಡಿಸಿದ್ದಾರೆ. ಅದು ಸ್ತುತ್ಯ ಕಾರ್ಯ. ಆದರೆ ಬಿಂಬವನ್ನು ಕಂಡು ಸಂತೋಷಿಸುವ ಮಕ್ಕಳಿಗೆ ಮೂಲವನ್ನು ತೋರಿಸಲು ಊರಿನಲ್ಲಿ ಒಂದು ಮನೆಯಾದರೂ ಉಳಿದಿರಬೇಕಷ್ಟೆ.

ಎಲ್ಲ ಮನೆಗಳನ್ನೂ ಹಾಗೆಯೇ ಉಳಿಸಿರೆಂದು ರೈತನಿಗೆ ಹೇಳುವುದು ನ್ಯಾಯವಲ್ಲ. ಬೆಳಕು, ಗಾಳಿ, ಶೌಚಾಲಯಗಳ ಸೌಕರ್ಯ ಅವನಿಗೂ ಬೇಕು. ಉಳಿಸಬಲ್ಲವರು ಮಾಡನ್ನು ಮೊದಲು ಕಾಯಬೇಕು. ಸೋರುವ ಮಾಡಿನ ಕೆಳಗೆ ಮಣ್ಣಿನ ಗೋಡೆ ಬಹುಕಾಲ ನಿಲ್ಲದು. ಮನೆಯೊಡನೆ ಕಣದ ಬಯಲನ್ನೂ ಬಾವಿಯನ್ನೂ ನೆರಳಿನ ಮರವನ್ನೂ ಬಿಡಬೇಕು. ಉಳಿಸಲಾಗದ ಮನೆಯನ್ನು ಕೆಡಹುವ ಮೊದಲು ಅದರ ಅಳತೆ, ನಕ್ಷೆ, ಚಿತ್ರಗಳನ್ನು ತೆಗೆದಿರಿಸಬಹುದು. ಪ್ರತಿಯೊಂದು ಭಾಗದ ಹೆಸರನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳುವುದು ಶಾಲೆಯ ಮಕ್ಕಳಿಂದಲೂ ಆಗುವ ಕೆಲಸ. ಉಪಾಧ್ಯಾಯರ ಮಾರ್ಗದರ್ಶನವೊಂದಿದ್ದರೆ ಸಾಕು. ಗೋದಲಿ, ಮೇಟಿ, ಹಗೇವು ಎಂಬ ಶಬ್ದಗಳು ನಿಘಂಟಿನಲ್ಲಿ ಮಾತ್ರ ಉಳಿಯುವ ದಿನ ದೂರವಿಲ್ಲ. ಅವುಗಳನ್ನು ಬಳಸಿ ಬಲ್ಲ ಹಿರಿಯರು ಇರುವಾಗಲೇ ಈ ಕಾರ್ಯ ನಡೆಯತಕ್ಕದ್ದು.